ಇಪ್ಪತ್ತನೆಯ ಶತಮಾನದ ಆರಂಭದ ಬ್ರಿಟಿಷ್ ರಾಜಕೀಯ ವ್ಯಂಗ್ಯಚಿತ್ರಗಳನ್ನು ಓದುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ನೂರು ವರ್ಷಗಳಿಗೂ ಹಿಂದಿನ ಬ್ರಿಟಿಷ್ ರಾಜಕೀಯ ವ್ಯಂಗ್ಯಚಿತ್ರವೊಂದನ್ನು ಇಂದು ಓದಲು ಹೊರಟವರಿಗೆ ಎರಡು ತೊಡಕುಗಳು ಎದುರಾಗುತ್ತವೆ. ಚಿತ್ರದಲ್ಲಿರುವ ಮುಖಗಳು ನಮಗೆ ಅಪರಿಚಿತ ಎಂಬುದು ಮೊದಲನೆಯದು. ಅದು ಸ್ವಲ್ಪ ಹುಡುಕಾಟದಿಂದ ಬಗೆಹರಿಯುತ್ತದೆ. ಎರಡನೆಯ ತೊಡಕು ಹೆಚ್ಚು ಮೋಸದ್ದು. ಸಿಂಹ ಬ್ರಿಟನ್, ಕರಡಿ ರಷ್ಯಾ ಎಂದು ಗುರುತಿಸಿದ ಕೂಡಲೇ ಚಿತ್ರ ಅರ್ಥವಾಗಿಬಿಟ್ಟಿತೆಂಬ ಭಾವನೆ ಹುಟ್ಟುತ್ತದೆ. ಆದರೆ ಈ ಚಿತ್ರಗಳು ನಿರ್ದಿಷ್ಟ ವಾರವೊಂದರಲ್ಲಿ, ನಿರ್ದಿಷ್ಟ ಪತ್ರಿಕೆಯೊಂದರ ಓದುಗರಿಗಾಗಿ, ಅವರಿಗೆ ಆಗಲೇ ತಿಳಿದಿದ್ದ ಸುದ್ದಿಯ ಮೇಲೆ ಮಾಡಿದ ಟೀಕೆಗಳು. ಆ ವಾರವನ್ನೂ ಆ ಓದುಗರನ್ನೂ ಬಿಟ್ಟು ನೋಡಿದರೆ ಚೆಂದದ ಗೆರೆಗಳಷ್ಟೇ ನಮಗೆ ದಕ್ಕುತ್ತವೆ.

ಈ ಬರಹ 1901ರಿಂದ 1919ರವರೆಗಿನ ಚಿತ್ರಗಳಿಗೆ ಸೀಮಿತವಾಗಿದೆ. 1901ರ ಆರಂಭದಲ್ಲಿ ವ್ಯಂಗ್ಯಚಿತ್ರಕಾರ ಸರ್ ಜಾನ್ ಟೆನಿಯಲ್ ಅರ್ಧ ಶತಮಾನದ ದುಡಿಮೆಯ ಬಳಿಕ 'ಪಂಚ್' ಎಂಬ ಹಾಸ್ಯ ವಾರಪತ್ರಿಕೆಯಿಂದ ನಿವೃತ್ತರಾದರು. 1919ರಲ್ಲಿ, ಮೊದಲ ಮಹಾಯುದ್ಧದ ಬಳಿಕ, ವರ್ಸೇಲ್ಸ್ ಶಾಂತಿ ಒಪ್ಪಂದವಾಯಿತು. ಈ ನಡುವಿನ ಚಿತ್ರಗಳು ಕನ್ನಡ ಓದುಗರಿಗೆ ತೀರ ದೂರದವೇನಲ್ಲ. ಮೈಸೂರಿನಲ್ಲಿ ಬೆಳೆದ ಆರ್.ಕೆ. ಲಕ್ಷ್ಮಣ್ ಬಾಲ್ಯದಲ್ಲಿ ಅಕ್ಷರ ಓದುವ ಮೊದಲೇ ಮನೆಗೆ ಬರುತ್ತಿದ್ದ 'ಪಂಚ್', 'ಸ್ಟ್ರಾಂಡ್', 'ಬೈಸ್ಟ್ಯಾಂಡರ್' ಮುಂತಾದ ಪತ್ರಿಕೆಗಳ ಚಿತ್ರಗಳಲ್ಲಿ ಮುಳುಗಿರುತ್ತಿದ್ದುದನ್ನು ನೆನೆದಿದ್ದಾರೆ. ಮುಂದೆ ಅವರ ಆರಂಭದ ವ್ಯಂಗ್ಯಚಿತ್ರಗಳಲ್ಲಿ ಕೆಲವು ರಾಶಿಯವರ 'ಕೊರವಂಜಿ'ಯಲ್ಲಿ ಪ್ರಕಟವಾದವು.

ಮೊದಲ ಹಂತ: ಚಿತ್ರದ ದಿನಾಂಕವನ್ನೂ ಪೂರ್ತಿ ಪುಟವನ್ನೂ ಹುಡುಕಿ

ಅಂತರ್ಜಾಲದಲ್ಲಿ ಹರಿದಾಡುವ ಹಳೆಯ ವ್ಯಂಗ್ಯಚಿತ್ರಗಳಲ್ಲಿ ಬಹುಪಾಲು ಅಂಚು ಕತ್ತರಿಸಿದವು. ಮೇಲಿನ ತಲೆಬರಹ, ಕೆಳಗಿನ ಸಂಭಾಷಣೆ, ಪತ್ರಿಕೆಯ ಹೆಸರು, ದಿನಾಂಕ ಎಲ್ಲವೂ ಕತ್ತರಿಗೆ ಸಿಕ್ಕಿರುತ್ತವೆ. ಅಂಥ ಚಿತ್ರವನ್ನು ಅರ್ಥೈಸಲು ಕೂರಬಾರದು. ಮೊದಲು ಅದರ ಪೂರ್ತಿ ಪುಟವನ್ನು ಪತ್ತೆಹಚ್ಚಬೇಕು. ಹೈಡಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯ 'ಪಂಚ್' ಸಂಪುಟಗಳನ್ನು ಡಿಜಿಟಲ್ ರೂಪದಲ್ಲಿ ಒದಗಿಸಿದೆ. ಇಂಟರ್ನೆಟ್ ಆರ್ಕೈವ್‌ನಲ್ಲಿಯೂ ಪ್ರಾಜೆಕ್ಟ್ ಗುಟನ್‌ಬರ್ಗ್‌ನಲ್ಲಿಯೂ ಹಲವು ಸಂಪುಟಗಳಿವೆ. ದಿನಪತ್ರಿಕೆಗಳ ಚಿತ್ರಗಳಿಗಾಗಿ ಇಂಗ್ಲೆಂಡಿನ ಕೆಂಟ್ ವಿಶ್ವವಿದ್ಯಾಲಯದ ಬ್ರಿಟಿಷ್ ಕಾರ್ಟೂನ್ ಆರ್ಕೈವ್ ಒಳ್ಳೆಯ ನೆಲೆ.

'ಪಂಚ್' ಪತ್ರಿಕೆಯ ಸಂಪುಟ ಹುಡುಕಲು ಒಂದು ಸುಲಭ ಲೆಕ್ಕವಿದೆ. ಅದನ್ನು ಆರು ತಿಂಗಳಿಗೊಂದು ಸಂಪುಟವಾಗಿ ಕಟ್ಟುತ್ತಿದ್ದರು. 1914ರ ಜನವರಿಯಿಂದ ಜೂನ್‌ವರೆಗಿನದು 146ನೆಯ ಸಂಪುಟ, ಜುಲೈಯಿಂದ ಡಿಸೆಂಬರ್‌ವರೆಗಿನದು 147ನೆಯದು. ಇಲ್ಲಿಂದ ವರ್ಷಕ್ಕೆ ಎರಡರಂತೆ ಹಿಂದಕ್ಕೆ ಎಣಿಸಿದರೆ 1909ರ ಮೊದಲ ಅರ್ಧ 136ನೆಯ ಸಂಪುಟದಲ್ಲಿಯೂ 1911ರ ಎರಡನೆಯ ಅರ್ಧ 141ನೆಯ ಸಂಪುಟದಲ್ಲಿಯೂ ಸಿಗುತ್ತವೆ. ಸಂಪುಟದ ಕೊನೆಯ ಅನುಕ್ರಮಣಿಕೆಯಲ್ಲಿ ಕಲಾವಿದರ ಹೆಸರಿನಡಿ ಚಿತ್ರಗಳ ಪಟ್ಟಿ ಇರುವುದರಿಂದ ಕಲಾವಿದರು ಯಾರೆಂದು ತಿಳಿದಿದ್ದರೆ ಕೆಲಸ ಇನ್ನೂ ಹಗುರ.

ದಿನಾಂಕ ದೊರೆತ ಮೇಲೆ ಅದರ ಹಿಂದಿನ ಎರಡು ವಾರಗಳಲ್ಲಿ ಏನೇನು ನಡೆಯಿತೆಂಬ ಪಟ್ಟಿಯನ್ನು ಮಾಡಿಕೊಳ್ಳಿ. ಎರಡು ವಾರ ಏಕೆಂದರೆ, 'ಪಂಚ್' ಬುಧವಾರದ ದಿನಾಂಕ ಹೊತ್ತು ಬರುತ್ತಿತ್ತು. ಅದರ ದೊಡ್ಡ ರಾಜಕೀಯ ಚಿತ್ರದ ವಿಷಯವನ್ನು ಹಿಂದಿನ ಬುಧವಾರ ಸಂಪಾದಕರೂ ಕಲಾವಿದರೂ ಬರಹಗಾರರೂ ಕೂಡುತ್ತಿದ್ದ ಭೋಜನಕೂಟದಲ್ಲಿ ಚರ್ಚಿಸಿ ತೀರ್ಮಾನಿಸುತ್ತಿದ್ದರು. ಅಂದರೆ ಚಿತ್ರದ ಕಲ್ಪನೆ ಸಾಮಾನ್ಯವಾಗಿ ಮುದ್ರಣದ ದಿನಾಂಕಕ್ಕಿಂತ ಒಂದು ವಾರ ಹಳೆಯದು. ಈ ವಾರದ ಅಂತರವನ್ನು ಮರೆತವರು ಚಿತ್ರ ಬರೆದಾಗ ಇನ್ನೂ ಘಟಿಸಿರದ ಸಂಗತಿಯನ್ನು ಅದರೊಳಗೆ ಕಾಣುತ್ತಾರೆ. ಆ ದಿನಗಳ ಪಾರ್ಲಿಮೆಂಟಿನ ಚರ್ಚೆಗಳು ಹ್ಯಾನ್ಸರ್ಡ್ ಎಂಬ ಅಧಿಕೃತ ವರದಿಯಲ್ಲಿ ದಿನಾಂಕವಾರು ಉಚಿತವಾಗಿ ಲಭ್ಯವಿವೆ. ಒಂದು ಗಂಟೆ ಅದನ್ನು ತಿರುವಿಹಾಕಿದರೆ ಚಿತ್ರದ ಅರ್ಧ ಗುಟ್ಟು ಬಿಚ್ಚಿಕೊಳ್ಳುವುದುಂಟು.

ಎರಡನೆಯ ಹಂತ: ಪತ್ರಿಕೆ ಯಾರ ಪರ ಎಂದು ತಿಳಿಯಿರಿ

1841ರಲ್ಲಿ ಆರಂಭವಾದಾಗ 'ಪಂಚ್' ಬಡವರ ಪರ ದನಿ ಎತ್ತುತ್ತಿದ್ದ ತುಂಟ ಪತ್ರಿಕೆ. ಇಪ್ಪತ್ತನೆಯ ಶತಮಾನದ ಹೊತ್ತಿಗೆ ಅದು ಮಧ್ಯಮವರ್ಗದ ಸಭ್ಯ ಮನೆಗಳ ಪತ್ರಿಕೆಯಾಗಿತ್ತು. 1906ರಿಂದ ಸಂಪಾದಕರಾಗಿದ್ದ ಓವನ್ ಸೀಮನ್ ಅವರ ಒಲವು ಸ್ಪಷ್ಟವಾಗಿ ಕನ್ಸರ್ವೇಟಿವ್ ಪಕ್ಷದ ಕಡೆಗಿತ್ತು. ಇದಕ್ಕೆ ಎದುರಾಗಿ, ತಿಳಿಹಸಿರು ಕಾಗದದಲ್ಲಿ ಅಚ್ಚಾಗುತ್ತಿದ್ದ 'ವೆಸ್ಟ್‌ಮಿನ್‌ಸ್ಟರ್ ಗೆಜೆಟ್' ಲಿಬರಲ್ ಪಕ್ಷದ್ದು. ಅದರ ಕಲಾವಿದ ಫ್ರಾನ್ಸಿಸ್ ಕರ್ರದರ್ಸ್ ಗೌಲ್ಡ್ ಮೊದಲು ಲಂಡನ್ ಷೇರುಪೇಟೆಯಲ್ಲಿ ದುಡಿದವರು. ದಿನಪತ್ರಿಕೆಯ ಸಿಬ್ಬಂದಿಯಾದ ಮೊದಲ ಬ್ರಿಟಿಷ್ ರಾಜಕೀಯ ವ್ಯಂಗ್ಯಚಿತ್ರಕಾರರೆಂದು ಸಾಮಾನ್ಯವಾಗಿ ಹೆಸರಾದವರು. 1906ರಲ್ಲಿ ಲಿಬರಲ್ ಸರಕಾರ ಅಧಿಕಾರದಲ್ಲಿದ್ದಾಗ ಅವರಿಗೆ ನೈಟ್ ಪದವಿ ಬಂದದ್ದು ಆಕಸ್ಮಿಕವೇನಲ್ಲ. 'ಡೈಲಿ ಹೆರಾಲ್ಡ್' ಕಾರ್ಮಿಕರ ಪತ್ರಿಕೆ. ಆಸ್ಟ್ರೇಲಿಯಾದಿಂದ ಬಂದ ವಿಲ್ ಡೈಸನ್ 1912ರಿಂದ ಅದರಲ್ಲಿ ಬರೆದ ಚಿತ್ರಗಳು ಸಭ್ಯತೆಯ ಎಲ್ಲೆಯನ್ನು ಬೇಕೆಂದೇ ದಾಟಿದವು. 'ಡೈಲಿ ಮಿರರ್'ನಲ್ಲಿ 1904ರಿಂದ ಬರೆದ ಡಬ್ಲ್ಯು.ಕೆ. ಹ್ಯಾಸೆಲ್‌ಡೆನ್ ಅವರದು ಬಹುಮಟ್ಟಿಗೆ ದೈನಂದಿನ ಬದುಕಿನ ನಗೆ, ಹಲವು ಚೌಕಗಳಲ್ಲಿ ಹೇಳಿದ್ದು.

'ವ್ಯಾನಿಟಿ ಫೇರ್' ವಾರಪತ್ರಿಕೆಯ ಬಣ್ಣದ ಚಿತ್ರಗಳನ್ನು ಈ ಸಾಲಿನಲ್ಲಿ ಸೇರಿಸಬೇಡಿ. 'ಸ್ಪೈ' ಎಂಬ ಹೆಸರಿನಲ್ಲಿ ಲೆಸ್ಲಿ ವಾರ್ಡ್ ಬರೆದ ಆ ಕಲ್ಲಚ್ಚಿನ ಚಿತ್ರಗಳು ಗಣ್ಯರ ವ್ಯಕ್ತಿಚಿತ್ರಗಳು. ತಮ್ಮ ಚಿತ್ರ ಅದರಲ್ಲಿ ಬಂದರೆ ಹಲವರಿಗೆ ಹೆಮ್ಮೆಯೇ ಆಗುತ್ತಿತ್ತು.

ಮೂರನೆಯ ಹಂತ: ಅರ್ಥ ಹೇಳದೆ ಕಂಡದ್ದನ್ನು ಬರೆಯಿರಿ

ಇಲ್ಲಿಂದ ಒಂದೇ ಚಿತ್ರವನ್ನು ಹಿಡಿದು ಮುಂದುವರಿಯೋಣ. 1909ರ ಏಪ್ರಿಲ್ 28ರ 'ಪಂಚ್' ಸಂಚಿಕೆಯಲ್ಲಿ ಬರ್ನಾರ್ಡ್ ಪಾರ್ಟ್ರಿಜ್ ಬರೆದ 'ರಿಚ್ ಫೇರ್', ಅಂದರೆ ಭರ್ಜರಿ ಭೋಜನ, ಎಂಬ ಚಿತ್ರವದು. ಮೊದಲ ನೋಟದಲ್ಲಿ ಕಾಣುವುದು ಇಷ್ಟು: ಒಬ್ಬ ದೈತ್ಯನಿದ್ದಾನೆ, ಅವನ ಕೈಯಲ್ಲಿ ಗದೆಯಂಥ ದೊಣ್ಣೆಯಿದೆ, ದೊಣ್ಣೆಯ ಮೇಲೆ 'ಬಜೆಟ್' ಎಂಬ ಪದವಿದೆ, ಅವನ ಕಣ್ಣು ತಪ್ಪಿಸಿ ಒಬ್ಬ ಪುಟ್ಟ ಮನುಷ್ಯ ಅವಿತುಕೊಂಡಿದ್ದಾನೆ. ಕೆಳಗೆ ದೈತ್ಯನ ಬಾಯಲ್ಲಿ ಪ್ರಾಸಬದ್ಧ ಸಾಲುಗಳಿವೆ.

ಇದು ಸರಕಾರದ ಪರವೋ ವಿರುದ್ಧವೋ ಎಂಬುದನ್ನು ಈ ಹಂತದಲ್ಲಿ ಬರೆಯಬಾರದು. ಮನಸ್ಸು ತೀರ್ಪಿನತ್ತ ಓಡುತ್ತದೆ. ಓಡಲು ಬಿಟ್ಟರೆ ತೀರ್ಪಿಗೆ ಹೊಂದದ ವಿವರಗಳು ಕಣ್ಣಿಗೇ ಬೀಳುವುದಿಲ್ಲ. ಯಾರು ದೊಡ್ಡವರು, ಯಾರು ಚಿಕ್ಕವರು, ಯಾರು ಯಾರನ್ನು ನೋಡುತ್ತಿದ್ದಾರೆ, ಯಾರ ಬೆನ್ನು ನಮಗೆ ಕಾಣುತ್ತಿದೆ, ಯಾವ ವಸ್ತುವಿನ ಮೇಲೆ ಅಕ್ಷರಗಳಿವೆ ಎಂಬಷ್ಟನ್ನೇ ಗುರುತುಮಾಡಿಕೊಳ್ಳಿ. ಪಾರ್ಟ್ರಿಜ್ ಅವರ ಚಿತ್ರಗಳಲ್ಲಿ ದೇಹದ ನಿಲುವನ್ನು ವಿಶೇಷವಾಗಿ ಗಮನಿಸಬೇಕು. ಅವರು ಬರ್ನಾರ್ಡ್ ಗೌಲ್ಡ್ ಎಂಬ ಹೆಸರಿನಲ್ಲಿ ರಂಗಭೂಮಿಯ ನಟರೂ ಆಗಿದ್ದವರು. ಅವರ ಆಕೃತಿಗಳು ರಂಗದ ಮೇಲೆ ನಿಂತು ಕೊನೆಯ ಸಾಲಿನ ಪ್ರೇಕ್ಷಕನಿಗೂ ಕಾಣುವಂತೆ ಕೈ ಎತ್ತುತ್ತವೆ. ಆ ಗಂಭೀರ ಭಂಗಿಗಳು ನನಗೆ ಕೆಲವೊಮ್ಮೆ ಬೇಸರ ತರಿಸುತ್ತವೆ ಎಂಬುದು ನಿಜ. ದೈತ್ಯನ ಪಾತ್ರಕ್ಕಂತೂ ಅವು ಚೆನ್ನಾಗಿ ಒಪ್ಪುತ್ತವೆ.

ನಾಲ್ಕನೆಯ ಹಂತ: ಮುಖಗಳನ್ನು ಗುರುತಿಸಿ

ಆ ಕಾಲದ ವ್ಯಂಗ್ಯಚಿತ್ರಕಾರರು ಪ್ರತಿಯೊಬ್ಬ ರಾಜಕಾರಣಿಗೂ ಒಂದೋ ಎರಡೋ ಗುರುತುಗಳನ್ನು ಕಟ್ಟಿಕೊಂಡಿದ್ದರು. ಒಂಟಿಗಣ್ಣಿನ ಕನ್ನಡಕ, ಕೋಟಿನ ಗುಂಡಿಯ ಬಳಿ ಆರ್ಕಿಡ್ ಹೂ ಇದ್ದರೆ ಅದು ಜೋಸೆಫ್ ಚೇಂಬರ್ಲೇನ್. ಉದ್ದನೆಯ ಕಾಲು ಚಾಚಿ ಆಲಸ್ಯದಿಂದ ಒರಗಿದ್ದರೆ ಆರ್ಥರ್ ಬಾಲ್ಫರ್. ಮೇಲಕ್ಕೆ ತಿರುಚಿದ ಮೀಸೆಯಿದ್ದರೆ ಜರ್ಮನಿಯ ಕೈಸರ್ ಎರಡನೆಯ ವಿಲ್ಹೆಲ್ಮ್. ದಟ್ಟ ಕೂದಲು, ದಪ್ಪ ಮೀಸೆಯ ಗಿಡ್ಡ ಮನುಷ್ಯನಿದ್ದರೆ ಬಹುಶಃ ಲಿಬರಲ್ ಸರಕಾರದ ಹಣಕಾಸು ಸಚಿವ ಡೇವಿಡ್ ಲಾಯ್ಡ್ ಜಾರ್ಜ್. ಗಿಡ್ಡ ಲಾಯ್ಡ್ ಜಾರ್ಜ್‌ರನ್ನು ಪಾರ್ಟ್ರಿಜ್ ದೈತ್ಯನನ್ನಾಗಿ ಮಾಡಿದ್ದಾರೆ ಎಂಬುದೇ ಚಿತ್ರದ ಮೊದಲ ನಗೆ. ಅಡಿಬರಹದಲ್ಲಿ ದೈತ್ಯನ ಹೆಸರು 'ಲಾಯ್ಡ್-ಗಾರ್ಜಿಬಸ್ಟರ್' ಎಂದು ಇರುವುದರಿಂದ ಸಂಶಯಕ್ಕೆ ಎಡೆಯಿಲ್ಲ.

ಸಂಶಯವಿದ್ದಾಗ ಮುಖವನ್ನು ಅದೇ ತಿಂಗಳ ಛಾಯಾಚಿತ್ರದೊಂದಿಗೆ ಹೋಲಿಸಿ, ಹತ್ತು ವರ್ಷ ಮುಂಚಿನದರೊಂದಿಗಲ್ಲ. ಕಲಾವಿದರೇ ಛಾಯಾಚಿತ್ರಗಳನ್ನು ಬಳಸುತ್ತಿದ್ದರು. ಟೆನಿಯಲ್ ನಂತರ 'ಪಂಚ್'ನ ಮುಖ್ಯ ಕಲಾವಿದರಾದ ಲಿನ್ಲಿ ಸ್ಯಾಂಬೋರ್ನ್ ತಮ್ಮನ್ನೂ ಮನೆಯವರನ್ನೂ ಸೇವಕರನ್ನೂ ಬೇಕಾದ ಭಂಗಿಯಲ್ಲಿ ನಿಲ್ಲಿಸಿ ಚಿತ್ರ ತೆಗೆದು, ಸಾವಿರಾರು ಛಾಯಾಚಿತ್ರಗಳ ಸಂಗ್ರಹವನ್ನೇ ಬೆಳೆಸಿದ್ದರು. ಲಂಡನ್ನಿನ ಕೆನ್ಸಿಂಗ್ಟನ್‌ನಲ್ಲಿ ಸ್ಟಾಫರ್ಡ್ ಟೆರೇಸ್‌ನ 18ನೆಯ ಸಂಖ್ಯೆಯ ಅವರ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ.

ಐದನೆಯ ಹಂತ: ಸಂಕೇತಗಳನ್ನು ನಿಘಂಟಿನಂತೆ ಬಳಸಬೇಡಿ

ಬ್ರಿಟನ್ನಿಗೆ ಜಾನ್ ಬುಲ್ ಎಂಬ ದಢೂತಿ ರೈತ-ಯಜಮಾನ, ಶಿರಸ್ತ್ರಾಣ ತೊಟ್ಟು ತ್ರಿಶೂಲ ಹಿಡಿದ ಬ್ರಿಟಾನಿಯಾ ಎಂಬ ಹೆಣ್ಣು, ಇಲ್ಲವೇ ಸಿಂಹ, ರಷ್ಯಾದ ಕರಡಿ, ಜರ್ಮನಿಯ ಹದ್ದು, ಭಾರತಕ್ಕೆ ಹುಲಿ: ಇಂಥ ಪಟ್ಟಿಗಳು ಎಲ್ಲೆಡೆ ಸಿಗುತ್ತವೆ, ಆರಂಭಕ್ಕೆ ಅವು ಸಾಕು. ಪಟ್ಟಿ ಮಾತ್ರ ಹಿಡಿದು ಹೊರಟರೆ ಎಲ್ಲಿ ಎಡವುತ್ತೇವೆ ಎಂಬುದಕ್ಕೆ ಬೆಕ್ಕನ್ನೇ ತೆಗೆದುಕೊಳ್ಳೋಣ.

1907ರ ಆಗಸ್ಟ್ 31ರಂದು ಬ್ರಿಟನ್ ಮತ್ತು ರಷ್ಯಾ ಒಪ್ಪಂದವೊಂದಕ್ಕೆ ಸಹಿ ಹಾಕಿದವು. ಅದರಂತೆ ಪರ್ಷಿಯಾದ (ಇಂದಿನ ಇರಾನ್) ಉತ್ತರ ಭಾಗ ರಷ್ಯಾದ ಪ್ರಭಾವವಲಯ, ಆಗ್ನೇಯ ಭಾಗ ಬ್ರಿಟನ್ನಿನದು, ನಡುವಿನದು ತಟಸ್ಥ. ಮಾತುಕತೆಯಲ್ಲಿ ಪರ್ಷಿಯಾಕ್ಕೆ ಜಾಗವೇ ಇರಲಿಲ್ಲ. ಅಕ್ಟೋಬರ್ 2ರ 'ಪಂಚ್'ನಲ್ಲಿ ಸಿಂಹ ಮತ್ತು ಕರಡಿಯ ನಡುವೆ ಒಂದು ಪರ್ಷಿಯನ್ ಬೆಕ್ಕು ಕುಳಿತಿದೆ. ನೀನು ಇದರ ತಲೆಯ ಜೊತೆ ಆಡು, ನಾನು ಬಾಲದ ಜೊತೆ ಆಡುತ್ತೇನೆ, ಬೆನ್ನನ್ನು ಇಬ್ಬರೂ ಸವರೋಣ ಎಂಬ ಅರ್ಥದ ಮಾತನ್ನು ಸಿಂಹ ಹೇಳುತ್ತದೆ. ಈ ವಿಷಯದಲ್ಲಿ ತನ್ನನ್ನು ಯಾರೂ ಕೇಳಿದ ನೆನಪಿಲ್ಲವೆಂದು ಬೆಕ್ಕು ಹೇಳುತ್ತದೆ. ತಲೆ, ಬಾಲ, ಬೆನ್ನು ಎಂಬ ವಿಂಗಡಣೆ ಒಪ್ಪಂದದ ಮೂರು ವಲಯಗಳ ನಕ್ಷೆಯೇ ಆಗಿದೆ. ಚಿತ್ರದ ತಲೆಬರಹ, ಯಾರಿಗೂ ಕೇಡು ಮಾಡದ, ಆದರೂ ಬೇಕಾದ ಬೆಕ್ಕು ಎಂಬರ್ಥದ್ದು, ಷೇಕ್ಸ್‌ಪಿಯರ್‌ನ ವೆನಿಸ್ ವರ್ತಕ ನಾಟಕದಲ್ಲಿ ಶೈಲಾಕ್ ಆಡುವ ಮಾತು. ಇನ್ನೊಬ್ಬನ ಮಾಂಸದ ಮೇಲೆ ಕರಾರು ಹಿಡಿದು ನಿಂತವನ ಬಾಯಿಂದ ಬಂದದ್ದು ಎಂದು ನೆನಪಾದರೆ ನಗೆಯೊಳಗಿನ ಮೊನಚು ತಾಗುತ್ತದೆ.

ನಾಲ್ಕು ವರ್ಷಗಳ ಬಳಿಕ, 1911ರ ಡಿಸೆಂಬರ್ 13ರಂದು, ಲಿಯೊನಾರ್ಡ್ ರೇವನ್-ಹಿಲ್ ಅದೇ ಮೂರು ಪ್ರಾಣಿಗಳನ್ನು ಮತ್ತೆ ಬರೆದರು. ಪರ್ಷಿಯಾದ ಖಜಾನೆಯ ಆಡಳಿತಕ್ಕೆ ಬಂದಿದ್ದ ಅಮೆರಿಕದ ಮಾರ್ಗನ್ ಷುಸ್ಟರ್ ಅವರನ್ನು ತೆಗೆದುಹಾಕಬೇಕೆಂದು ನವೆಂಬರ್ ಕೊನೆಯಲ್ಲಿ ರಷ್ಯಾ ಅಂತಿಮ ಎಚ್ಚರಿಕೆ ಕೊಟ್ಟಿತ್ತು. ಈ ಬಾರಿ ಕರಡಿ ಬೆಕ್ಕಿನ ಬಾಲದ ಮೇಲೆಯೇ ಕುಳಿತಿದೆ. ನಮ್ಮಿಬ್ಬರ ನಡುವೆ ಇಷ್ಟು ಗಾಢವಾದ ತಿಳಿವಳಿಕೆ ಇರದಿದ್ದರೆ ಅಲ್ಲೇನು ಮಾಡುತ್ತಿದ್ದೀಯೆ ಎಂದು ಕೇಳಬೇಕೆನಿಸುತ್ತಿತ್ತು ಎಂದು ಸಿಂಹ ನಯವಾಗಿ ನುಡಿಯುತ್ತದೆ. 1907ರ ಚಿತ್ರದಲ್ಲಿ ಬೆಕ್ಕಿಗೂ ಒಂದು ಮಾತಿತ್ತು. 1911ರಲ್ಲಿ ಮಾತು ಸಿಂಹದ್ದು ಮಾತ್ರ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡದಿದ್ದರೆ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳದು.

ಇನ್ನು 1914ರ ಒಂದು ಭಿತ್ತಿಪತ್ರಕ್ಕೆ ಬನ್ನಿ. ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಪ್ಯಾಂಕ್‌ಹರ್ಸ್ಟ್ ಅವರ ಸಂಘಟನೆ ಅದನ್ನು ಹೊರತಂದಿತು. ಇಲ್ಲಿ ಭಾರೀ ಬೆಕ್ಕೊಂದು ನಿಶ್ಶಕ್ತಳಾದ ಹೆಣ್ಣುಮಗಳನ್ನು ಬಾಯಲ್ಲಿ ಕಚ್ಚಿಕೊಂಡಿದೆ. ಬೆಕ್ಕು ಲಿಬರಲ್ ಸರಕಾರ. ಸೆರೆಯಲ್ಲಿ ಉಪವಾಸ ಹೂಡಿದ ಮಹಿಳೆಯರನ್ನು ಆರೋಗ್ಯ ಕೆಟ್ಟಾಗ ಬಿಡುಗಡೆ ಮಾಡಿ, ಸುಧಾರಿಸಿಕೊಂಡ ಮೇಲೆ ಮತ್ತೆ ಹಿಡಿಯಲು ಅವಕಾಶ ಕೊಟ್ಟ 1913ರ ಕಾಯಿದೆಗೆ ಜನ ಆಗಲೇ 'ಬೆಕ್ಕು-ಇಲಿ ಕಾಯಿದೆ' ಎಂಬ ಹೆಸರಿಟ್ಟಿದ್ದರು. ಒಂದೇ ದಶಕದಲ್ಲಿ ಬೆಕ್ಕು ಒಮ್ಮೆ ದೊಡ್ಡವರ ಕೈಗೆ ಸಿಕ್ಕ ಪುಟ್ಟ ದೇಶ, ಇನ್ನೊಮ್ಮೆ ಸೆರೆಯಾಳನ್ನು ಆಡಿಸುವ ಸರಕಾರ. ಪ್ರಾಣಿ ಯಾವುದೆಂಬುದಕ್ಕಿಂತ ಚಿತ್ರದಲ್ಲಿ ಅದು ಏನು ಮಾಡುತ್ತಿದೆ, ಅದಕ್ಕಿಂತ ದೊಡ್ಡವರು ಯಾರಿದ್ದಾರೆ ಎಂದು ಕೇಳಿ.

ಆರನೆಯ ಹಂತ: ತಲೆಬರಹ ಮತ್ತು ಅಡಿಬರಹದಲ್ಲಿರುವ ಎರವಲನ್ನು ಹಿಡಿಯಿರಿ

ಆ ಕಾಲದ ವ್ಯಂಗ್ಯಚಿತ್ರದಲ್ಲಿ ಅರ್ಧ ಕೆಲಸವನ್ನು ಮಾತು ಮಾಡುತ್ತದೆ. ಬೈಬಲ್ಲು, ಷೇಕ್ಸ್‌ಪಿಯರ್, ಮಕ್ಕಳ ಕಥೆಗಳು, ಪ್ರಸಿದ್ಧ ತೈಲಚಿತ್ರಗಳು, ಆಲಿಸಳ ಅದ್ಭುತಲೋಕ, ಇವುಗಳಿಂದ ಎರವಲು ತಂದ ಸಾಲನ್ನು ಓದುಗರು ಒಡನೆಯೇ ಗುರುತಿಸುತ್ತಾರೆಂದು ಕಲಾವಿದರು ನಂಬಿದ್ದರು. ಬಕಾಸುರನ ಬಂಡಿಯೆಂದರೆ ನಮ್ಮಲ್ಲಿ ಕಥೆಯನ್ನು ಹೇಗೆ ವಿವರಿಸಬೇಕಿಲ್ಲವೋ ಹಾಗೆಯೇ ಜ್ಯಾಕ್ ಮತ್ತು ಅವರೆಬಳ್ಳಿಯ ಕಥೆಯ ದೈತ್ಯನ ಪದ್ಯವನ್ನು ಇಂಗ್ಲಿಷ್ ಮನೆಗಳಲ್ಲಿ ವಿವರಿಸಬೇಕಿರಲಿಲ್ಲ. ಆ ಪದ್ಯದಲ್ಲಿ ದೈತ್ಯನ ಮೂಗಿಗೆ ಬಡಿಯುವುದು ಇಂಗ್ಲಿಷರವನೊಬ್ಬನ ರಕ್ತದ ವಾಸನೆ. ಅವನು ಬದುಕಿರಲಿ ಸತ್ತಿರಲಿ, ಮೂಳೆ ಅರೆದು ರೊಟ್ಟಿ ಮಾಡಿಕೊಳ್ಳುತ್ತೇನೆಂದು ದೈತ್ಯ ಅಬ್ಬರಿಸುತ್ತಾನೆ.

ಪಾರ್ಟ್ರಿಜ್ ಚಿತ್ರದ ಪದ್ಯದಲ್ಲಿ ಇಂಗ್ಲಿಷರವನ ಜಾಗದಲ್ಲಿ ಧನಬಲದಿಂದ ಮೆರೆಯುವ ಸಿರಿವಂತ ಬಂದಿದ್ದಾನೆ. ಎರವಲನ್ನು ಗುರುತಿಸಿದ ಮೇಲೆ ಮೂಲಕ್ಕೂ ಚಿತ್ರಕ್ಕೂ ಇರುವ ಇಂಥ ವ್ಯತ್ಯಾಸವನ್ನೇ ಹುಡುಕಬೇಕು, ಏಕೆಂದರೆ ಕಲಾವಿದನ ಅಭಿಪ್ರಾಯ ಅಲ್ಲಿಯೇ ಕುಳಿತಿರುತ್ತದೆ. ಮೂಲವನ್ನು ಹಾಗೆಯೇ ಬಿಟ್ಟಿದ್ದರೆ ಬಜೆಟ್ ಇಡೀ ನಾಡಿನ ಶತ್ರುವಾಗುತ್ತಿತ್ತು. ಬದಲಾಯಿಸಿದ್ದರಿಂದ ಅದು ಒಂದು ವರ್ಗದ ಭಯವಾಯಿತು.

ಏಳನೆಯ ಹಂತ: ಗೆರೆಯನ್ನು ನೋಡಿ

ಟೆನಿಯಲ್ ಕಾಲದಲ್ಲಿ ಚಿತ್ರವನ್ನು ಮರದ ಅಚ್ಚಿನ ಮೇಲೆ ಬರೆದು, ಜೋಸೆಫ್ ಸ್ವೇನ್ ಅವರ ಕಾರ್ಯಾಗಾರದ ಕೆತ್ತನೆಗಾರರು ಅದನ್ನು ಕೊರೆಯುತ್ತಿದ್ದರು. ಶತಮಾನ ತಿರುಗುವ ಹೊತ್ತಿಗೆ, ಕಾಗದದ ಮೇಲೆ ಇಂಡಿಯನ್ ಇಂಕಿನಲ್ಲಿ ಬರೆದ ಚಿತ್ರವನ್ನು ಛಾಯಾಗ್ರಹಣದ ಮೂಲಕ ಸತುವಿನ ತಗಡಿಗೆ ಇಳಿಸಿ ಬ್ಲಾಕ್ ಮಾಡುವ ಪದ್ಧತಿ ಬಂದಿತ್ತು. ಈ ಬ್ಲಾಕ್ ಕಪ್ಪನ್ನು ಅಚ್ಚೊತ್ತುತ್ತದೆ ಅಥವಾ ಬಿಳಿಯನ್ನು ಬಿಡುತ್ತದೆ, ನಡುವಿನ ಬೂದು ಅದಕ್ಕೆ ತಿಳಿಯದು. ಆದ್ದರಿಂದ ನೆರಳು ಬೇಕೆಂದರೆ ಒತ್ತೊತ್ತಾದ ಅಡ್ಡ-ಉದ್ದ ಗೆರೆಗಳನ್ನು ಹಾಕಬೇಕು. ಗೆರೆ ಎಲ್ಲಿ ದಟ್ಟವೋ ಅಲ್ಲಿ ಕಣ್ಣು ನಿಲ್ಲುತ್ತದೆ, ಅಲ್ಲಿಯೇ ನಿಲ್ಲಲಿ ಎಂದು ಕಲಾವಿದ ಬಯಸಿರುತ್ತಾನೆ. ಪಾರ್ಟ್ರಿಜ್ ನೆರಳು-ಬೆಳಕನ್ನು ಶಿಲ್ಪದಂತೆ ತಿದ್ದುತ್ತಾರೆ. ಗೌಲ್ಡ್ ಅವರದು ಬರಿಯ ಹೊರಗೆರೆ, ದಿನಪತ್ರಿಕೆಯ ಅವಸರಕ್ಕೆ ತಕ್ಕದ್ದು. ಡೈಸನ್ ಕಪ್ಪನ್ನು ಸುರಿಯುತ್ತಾರೆ. ಸಾಧ್ಯವಾದರೆ ಚಿತ್ರವನ್ನು ಮೂಲ ಅಳತೆಯಲ್ಲಿ ಅಚ್ಚುಹಾಕಿಕೊಂಡು ನೋಡಿ. ಮೊಬೈಲ್ ಪರದೆಯಲ್ಲಿ ಈ ಗೆರೆಗಳು ಕಲೆಸಿಹೋಗುತ್ತವೆ.

ಎಂಟನೆಯ ಹಂತ: ಕಲಾವಿದ ಎಲ್ಲಿ ನಿಂತಿದ್ದಾನೆಂದು ಕೇಳಿ

ಈಗ 'ರಿಚ್ ಫೇರ್' ಚಿತ್ರದ ವಾರಕ್ಕೆ ಹೋಗೋಣ. 1908ರ ಕಾಯಿದೆಯಂತೆ 70 ವರ್ಷ ದಾಟಿದ ಬಡವರಿಗೆ ವಾರಕ್ಕೆ 5 ಶಿಲಿಂಗ್ ವೃದ್ಧಾಪ್ಯ ವೇತನ 1909ರ ಜನವರಿ 1ರಿಂದ ಆರಂಭವಾಗಿತ್ತು. ಜರ್ಮನಿಯೊಂದಿಗಿನ ಪೈಪೋಟಿಯಲ್ಲಿ ಇನ್ನೂ ಹೆಚ್ಚು ಡ್ರೆಡ್‌ನಾಟ್ ಯುದ್ಧನೌಕೆಗಳು ಬೇಕೆಂಬ ಕೂಗು ಆ ವಸಂತದಲ್ಲಿ ಜೋರಾಗಿತ್ತು. ಎರಡಕ್ಕೂ ಹಣ ಹೊಂದಿಸಬೇಕಾಗಿದ್ದ ಖಜಾನೆಯಲ್ಲಿ ಸುಮಾರು 1 ಕೋಟಿ 60 ಲಕ್ಷ ಪೌಂಡ್ ಕೊರತೆಯಿತ್ತು. ಲಾಯ್ಡ್ ಜಾರ್ಜ್ ಬಜೆಟ್ ಮಂಡಿಸಿದ್ದು ಏಪ್ರಿಲ್ 29ರಂದು. ಚಿತ್ರದ ದಿನಾಂಕ ಏಪ್ರಿಲ್ 28! ವರ್ಷಕ್ಕೆ 5,000 ಪೌಂಡಿಗಿಂತ ಹೆಚ್ಚು ಆದಾಯವಿರುವವರಿಗೆ ಹೆಚ್ಚುವರಿ ತೆರಿಗೆ, ಮಾಲೀಕನ ದುಡಿಮೆಯಿಲ್ಲದೆ ಏರಿದ ಭೂಮಿಯ ಬೆಲೆಯ ಮೇಲೆ ಶೇಕಡಾ 20ರಷ್ಟು ತೆರಿಗೆ, ಇವನ್ನು ನೋಡಿ ಕಲಾವಿದ ಈ ಚಿತ್ರ ಬರೆದಿದ್ದಾನೆ ಎಂದು ಹೇಳಲಾಗದು. ಅವನು ಬರೆದದ್ದು ನಿರೀಕ್ಷೆಯ ಭಯವನ್ನು. ಪಾರ್ಲಿಮೆಂಟಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್ ಆ ಬಜೆಟನ್ನು 350ಕ್ಕೆ 75 ಮತಗಳಿಂದ ತಿರಸ್ಕರಿಸಿದ್ದು ನವೆಂಬರ್ 30ರಂದು. ಲಾರ್ಡ್ಸ್ ಬಿಕ್ಕಟ್ಟಿನ ಚಿತ್ರವೆಂದು ಇದನ್ನು ಬಳಸಿದರೆ ಏಳು ತಿಂಗಳ ತಪ್ಪು ಮಾಡಿದಂತೆ.

ಹಾಗಾದರೆ ಪಾರ್ಟ್ರಿಜ್ ಯಾರ ಕಡೆ? ಪತ್ರಿಕೆ ಕನ್ಸರ್ವೇಟಿವ್, ದೈತ್ಯ ಭೀಕರ, ಅವನ ಕೈಯಲ್ಲಿ ದೊಣ್ಣೆ. ಚಿತ್ರ ಲಾಯ್ಡ್ ಜಾರ್ಜ್ ವಿರುದ್ಧವೆಂದು ಬರೆದುಬಿಡುವುದು ಸುಲಭ. ಆದರೆ ಅವಿತುಕೊಂಡವನನ್ನು ನೋಡಿ ನಮಗೆ ಮರುಕ ಬರುವಂತೆ ಕಲಾವಿದ ಏನನ್ನೂ ಮಾಡಿಲ್ಲ. ಅವನನ್ನು ಕಥೆಯ ನಾಯಕನಾದ ಜ್ಯಾಕ್‌ನಂತೆ ಬರೆದಿಲ್ಲ, ಅವನ ಕೈಗೆ ಕೊಡಲಿಯನ್ನೂ ಕೊಟ್ಟಿಲ್ಲ. ನನ್ನ ಅಭಿಪ್ರಾಯದಲ್ಲಿ ಇದು ಆ ವಾರ ಸಿರಿವಂತರಲ್ಲಿ ಹರಡಿದ್ದ ಗಾಬರಿಯನ್ನೂ ಸ್ವಲ್ಪ ಲೇವಡಿ ಮಾಡುವ ಚಿತ್ರ. ಈ ಎರಡು ದನಿಗಳನ್ನೂ ಉಳಿಸಿಕೊಂಡು ಓದಿದರೆ ಚಿತ್ರಕ್ಕೆ ನ್ಯಾಯ ಸಲ್ಲುತ್ತದೆ. ಮೂರನೆಯ ದನಿಯೊಂದು ಇಲ್ಲಿ ಕೇಳಿಸುವುದೇ ಇಲ್ಲ: ವಾರಕ್ಕೆ 5 ಶಿಲಿಂಗ್ ಪಡೆಯುತ್ತಿದ್ದ ಮುದುಕರದು. ದೈತ್ಯನ ರೊಟ್ಟಿ ಯಾರ ತಟ್ಟೆಗೆ ಹೋಗಲಿದೆ ಎಂಬ ಪ್ರಶ್ನೆ 'ಪಂಚ್' ಓದುಗರ ಮನೆಗಳಲ್ಲಿ ಏಳಲಿಲ್ಲವೇನೋ. ಚಿತ್ರದಲ್ಲಿ ಯಾರಿಲ್ಲ ಎಂಬುದನ್ನೂ ಪ್ರತಿ ಬಾರಿಯೂ ಬರೆದುಕೊಳ್ಳಿ.

ಕೆಲವೊಮ್ಮೆ ಕರುಣೆ ಮತ್ತು ದ್ವೇಷ ಒಂದೇ ಹಾಳೆಯ ಮೇಲೆ ಸೇರಿರುತ್ತವೆ. 1906ರ ಚುನಾವಣೆಯಲ್ಲಿ ಲಿಬರಲ್ಲರು ಹಂಚಿದ 'ಚೀನೀ ಗುಲಾಮಗಿರಿ' ಭಿತ್ತಿಪತ್ರಗಳು ಅಂಥವು. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಿಗೆ 1904ರಿಂದ ಕರಾರಿನ ಮೇಲೆ ತಂದ 60 ಸಾವಿರಕ್ಕೂ ಹೆಚ್ಚು ಚೀನೀ ಕಾರ್ಮಿಕರ ದುಃಸ್ಥಿತಿಯನ್ನು ಅವು ಖಂಡಿಸುತ್ತವೆ. ಜೊತೆಗೆ ಆ ಕಾರ್ಮಿಕರ ಮುಖವನ್ನು ಅಸಹ್ಯ ಹುಟ್ಟುವಂತೆ ಬರೆದು, ಬಿಳಿಯರ ಕೆಲಸ ಹೋಯಿತೆಂಬ ಭಯವನ್ನೂ ಬಿತ್ತುತ್ತವೆ. ಐರಿಷರನ್ನು ಕಪಿಗಳಂತೆ ಬರೆಯುವ ಹಳೆಯ ಚಾಳಿಯೂ ಆಗ ಪೂರ್ತಿ ಅಳಿದಿರಲಿಲ್ಲ. ಇಂಥ ಕಡೆ ಆ ಕಾಲವೇ ಹಾಗಿತ್ತೆಂದು ದಾಟಿಹೋಗಬೇಡಿ. ಅದೇ ಕಾಲದಲ್ಲಿ ಬೇರೆ ರೀತಿ ಬರೆದವರು ಯಾರಾದರೂ ಇದ್ದರೇ ಎಂದು ಹುಡುಕಿ.

ಒಂಬತ್ತನೆಯ ಹಂತ: ಜೋಡಿ ಚಿತ್ರವೊಂದನ್ನು ಎದುರಿಗಿಡಿ

ಒಂಟಿ ಚಿತ್ರದಿಂದ ತೀರ್ಮಾನಕ್ಕೆ ಬರುವುದು ಅಪಾಯ. ಜೋಡಿಯನ್ನು ಎರಡು ರೀತಿ ಆರಿಸಬಹುದು. ಒಂದು, ಒಂದೇ ಪತ್ರಿಕೆಯ ಬೇರೆ ದಿನಾಂಕಗಳ ಚಿತ್ರಗಳು. 1914ರ ಆಗಸ್ಟ್ 4ರಂದು ಜರ್ಮನ್ ಸೈನ್ಯ ಬೆಲ್ಜಿಯಂಗೆ ನುಗ್ಗಿತು. ಆಗಸ್ಟ್ 12ರ 'ಪಂಚ್'ನಲ್ಲಿ ಎಫ್.ಎಚ್. ಟೌನ್ಸೆಂಡ್ ಬರೆದ ಚಿತ್ರದಲ್ಲಿ ಬೆಲ್ಜಿಯಂ ಕೋಲು ಹಿಡಿದು ಗೇಟು ಕಾಯುವ ಹುಡುಗ. ಜರ್ಮನಿ ಸಾಸೇಜು ಜೋತುಬಿಟ್ಟುಕೊಂಡ ದಪ್ಪ ಮುದುಕ. ಅಕ್ಟೋಬರ್ 10ರಂದು ಆಂಟ್‌ವರ್ಪ್ ನಗರ ಬಿದ್ದಿತು. ಅಕ್ಟೋಬರ್ 21ರ ಪಾರ್ಟ್ರಿಜ್ ಚಿತ್ರದಲ್ಲಿ ಕೈಸರ್, ನೀನು ಎಲ್ಲವನ್ನೂ ಕಳೆದುಕೊಂಡೆ ಎಂದು ಬೆಲ್ಜಿಯಂ ದೊರೆಗೆ ಹೇಳುತ್ತಾನೆ. ಆತ್ಮವನ್ನಲ್ಲ ಎಂದು ದೊರೆ ಉತ್ತರಿಸುತ್ತಾನೆ. ಹತ್ತು ವಾರಗಳಲ್ಲಿ ಹುಡುಗ ದೊರೆಯಾದ, ನಗೆ ದುರಂತವಾಯಿತು. ಯುದ್ಧ ಬೇಗ ಮುಗಿಯುತ್ತದೆಂಬ ನಂಬಿಕೆ ಕರಗಿದ್ದನ್ನು ಈ ಎರಡು ಪುಟಗಳು ತೋರಿಸುವಷ್ಟು ಚೆನ್ನಾಗಿ ಬೇರೆ ಬರಹಗಳು ತೋರಿಸುವುದು ಅಪರೂಪ.

ಇನ್ನೊಂದು ರೀತಿ, ಒಂದೇ ವಿಷಯದ ಮೇಲೆ ವಿರೋಧಿ ಪತ್ರಿಕೆಗಳ ಚಿತ್ರಗಳು. ಯುದ್ಧದ ಮೊದಲಿನ ವರ್ಷಗಳ ಮುಷ್ಕರಗಳನ್ನು ಕುರಿತು 'ಪಂಚ್' ಮತ್ತು 'ಡೈಲಿ ಹೆರಾಲ್ಡ್' ಬರೆದ ಚಿತ್ರಗಳನ್ನು ಹೋಲಿಸಿ. ಡೈಸನ್ ಅವರ ಕಾರ್ಮಿಕ ಎತ್ತರದ, ಗಟ್ಟಿಮುಟ್ಟಾದ, ತಲೆಯೆತ್ತಿ ನಿಂತ ಮನುಷ್ಯ. ಬಂಡವಾಳಗಾರ ಹೊಟ್ಟೆಯೇ ಮೈಯಾದವನು. ಅಲ್ಲಿಯವರೆಗೆ ಬ್ರಿಟಿಷ್ ಹಾಸ್ಯಚಿತ್ರಗಳು ದುಡಿಯುವವನನ್ನು ಹೆಚ್ಚಾಗಿ ಉಚ್ಚಾರ ಬಾರದ ಪೆದ್ದನಾಗಿ ತೋರಿಸುತ್ತಿದ್ದುದನ್ನು ನೆನೆದರೆ ಡೈಸನ್ ಏನು ಬದಲಾಯಿಸಿದರೆಂಬುದು ಹೊಳೆಯುತ್ತದೆ. 1919ರ ಮೇ ತಿಂಗಳಲ್ಲಿ ಅವರು ಬರೆದ ಶಾಂತಿ ಸಮ್ಮೇಳನದ ಚಿತ್ರದಲ್ಲಿ ವರ್ಸೇಲ್ಸ್‌ನಿಂದ ಹೊರಬರುತ್ತಿರುವ ನಾಯಕರ ನಡುವೆ ಫ್ರಾನ್ಸಿನ ಪ್ರಧಾನಿ ಕ್ಲೆಮನ್ಸೋ, ಎಲ್ಲೋ ಮಗು ಅಳುವುದು ಕೇಳಿಸುತ್ತಿದೆಯಲ್ಲ ಎನ್ನುತ್ತಾನೆ. ಕಂಬದ ಮರೆಯಲ್ಲಿ ಅಳುತ್ತಿರುವ ಮಗುವಿನ ತಲೆಯ ಮೇಲೆ '1940ರ ತಂಡ' ಎಂದಿದೆ. ಆ ವರ್ಷ ಸೈನ್ಯಕ್ಕೆ ಸೇರುವ ವಯಸ್ಸಿಗೆ ಬರಲಿರುವ ಪೀಳಿಗೆ ಎಂದರ್ಥ. ಮುಂದಿನ ಇತಿಹಾಸ ಗೊತ್ತಿರುವ ನಾವು ಇದನ್ನು ಭವಿಷ್ಯವಾಣಿಯೆಂದು ಕೊಂಡಾಡುತ್ತೇವೆ. ಆ ಬೆರಗು ಸಹಜವೇ, ಆದರೂ ಓದುವಾಗ ಅದನ್ನು ಬದಿಗಿಡಬೇಕು. ಒಪ್ಪಂದದ ಷರತ್ತುಗಳನ್ನು ಕಂಡ ಒಬ್ಬ ಎಡಪಂಥೀಯನಿಗೆ ಆ ತಿಂಗಳಲ್ಲಿ ಬಂದ ಸಿಟ್ಟು ಅದು.

ಹತ್ತನೆಯ ಹಂತ: ಟಿಪ್ಪಣಿ ಬರೆಯಿರಿ

ಇಷ್ಟಾದ ಮೇಲೆ ಒಂದು ಪುಟ ಮೀರದ ಟಿಪ್ಪಣಿ ಸಿದ್ಧಪಡಿಸಿ. ಪತ್ರಿಕೆ, ದಿನಾಂಕ, ಕಲಾವಿದರ ಹೆಸರು ಮೊದಲು, ನಂತರ ಹಿಂದಿನ ಎರಡು ವಾರಗಳ ಸುದ್ದಿ, ಕಂಡದ್ದರ ವಿವರಣೆ, ಎರವಲು ಮತ್ತು ಅದರಲ್ಲಿ ಮಾಡಿದ ಬದಲಾವಣೆ, ಇಲ್ಲದವರ ಹೆಸರು, ಕೊನೆಯಲ್ಲಿ ನಿಮ್ಮ ತೀರ್ಪು. 'ಬ್ರಿಟಿಷ್ ಜನ ಹೀಗೆ ಭಾವಿಸಿದ್ದರು' ಎಂಬ ವಾಕ್ಯ ಅದರಲ್ಲಿ ಬರದಂತೆ ನೋಡಿಕೊಳ್ಳಿ. ಲಂಡನ್ನಿನ ಒಂದು ಊಟದ ಮೇಜಿನ ಸುತ್ತ ಕುಳಿತ ಕೆಲವು ಗಂಡಸರು ತಮ್ಮ ಓದುಗರಿಗೆ ಇದು ರುಚಿಸುತ್ತದೆಂದು ಎಣಿಸಿದ್ದರು ಎಂಬಷ್ಟನ್ನೇ 'ಪಂಚ್' ಚಿತ್ರದಿಂದ ಹೇಳಬಹುದು.

ಟಿಪ್ಪಣಿಯನ್ನು ಚಿತ್ರದ ಸಮೇತ ಪ್ರಕಟಿಸುವುದಾದರೆ ಹಕ್ಕಿನ ವಿಷಯ ನೋಡಬೇಕು. ಬ್ರಿಟನ್ನಿನಲ್ಲಿ ಕಲಾವಿದರ ಮರಣಾನಂತರ 70 ವರ್ಷ, ಭಾರತದಲ್ಲಿ 60 ವರ್ಷ ಹಕ್ಕುಸ್ವಾಮ್ಯ ಉಳಿಯುತ್ತದೆ. 1945ರಲ್ಲಿ ತೀರಿಕೊಂಡ ಪಾರ್ಟ್ರಿಜ್, 1938ರಲ್ಲಿ ತೀರಿಕೊಂಡ ಡೈಸನ್ ಅವರ ಚಿತ್ರಗಳು ಎರಡೂ ಕಡೆ ಮುಕ್ತವಾಗಿವೆ. ಸಂಗ್ರಹಾಲಯದ ಜಾಲತಾಣದಿಂದ ಇಳಿಸಿಕೊಂಡ ಪ್ರತಿಗೆ ಆ ಸಂಸ್ಥೆಯ ಷರತ್ತುಗಳಿದ್ದರೆ ಅವನ್ನೂ ಓದಿ.

ಅಭ್ಯಾಸಕ್ಕೆ 1912ರ ಅಕ್ಟೋಬರ್ 2ರ ರೇವನ್-ಹಿಲ್ ಚಿತ್ರವನ್ನು ಆರಿಸಿಕೊಳ್ಳಬಹುದು. 'ಬಾಲ್ಕನ್ ತೊಂದರೆಗಳು' ಎಂದು ಬರೆದ ಕುದಿಯುವ ಹಂಡೆಯ ಮುಚ್ಚಳದ ಮೇಲೆ ಯುರೋಪಿನ ಐದು ಪ್ರಬಲ ರಾಷ್ಟ್ರಗಳು ಒತ್ತೊತ್ತಾಗಿ ಕುಳಿತಿವೆ. ಮಾಂಟೆನೆಗ್ರೊ ಯುದ್ಧ ಸಾರಿದ್ದು ಅಕ್ಟೋಬರ್ 8ರಂದು, ಚಿತ್ರ ಬಂದ ಆರು ದಿನಗಳ ಮೇಲೆ. ಐವರಲ್ಲಿ ಯಾರು ಯಾವ ದೇಶವೆಂದು ಉಡುಪಿನಿಂದ ಗುರುತಿಸಿ, ಪ್ರತಿಯೊಬ್ಬರ ಮುಖದಲ್ಲಿ ಎಷ್ಟು ಗಾಬರಿಯಿದೆಯೆಂದು ಬೇರೆಬೇರೆಯಾಗಿ ಬರೆಯಿರಿ. ಹಂಡೆಯೊಳಗಿನ ದೇಶಗಳಿಗೆ ಚಿತ್ರದಲ್ಲಿ ಮುಖವಿದೆಯೇ ಎಂಬುದನ್ನು ನೋಡಿದ ನಂತರ, ಮೊದಲ ಮಹಾಯುದ್ಧ ಆರಂಭವಾದ 1914ರ ಜುಲೈ ಕೊನೆಯ ಸಂಚಿಕೆಗಳಿಗೆ ಹೋಗಿ.